ಗಾಳಿಗೆ ಕಟ್ಟುವ ಸುಂಕ

ಒಂದರ ಬೆನ್ನಿಗೊಂದು ಅಂಟಿಕೊಂಡಂತೆ ಓಡುವ ಲಾರಿಗಳು ಡೀಸೆಲ್ ಉಳಿಸಬಲ್ಲವೇ? ಉಳಿಸಬಲ್ಲವು ಎನ್ನುತ್ತದೆ ವಿಜ್ಞಾನ. ಆದರೆ ಎಲ್ಲಿ, ಎಷ್ಟು, ಯಾವ ಬೆಲೆಗೆ?

ಮಡಿಕೇರಿಗೆ ಸಮೀಪದ ಆ ಊರಿಗೆ ಗಾಳಿಬೀಡು ಎಂದು ಹೆಸರಿಟ್ಟವರು ಯಾರೋ ತಿಳಿಯದು. ಇಟ್ಟ ಹೆಸರಂತೂ ಸುಳ್ಳಾಗಿಲ್ಲ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಪಶ್ಚಿಮದ ಕಣಿವೆಗಳಿಂದ ಏರಿಬರುವ ಗಾಳಿ ಅಲ್ಲಿ ಬೀಡು ಬಿಡುತ್ತದೆ. ಕೊಡೆ ಹಿಡಿದು ನಡೆಯಹೊರಟವರ ಕೊಡೆ ತಿರುವುಮುರುವಾಗುತ್ತದೆ. ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದೂ ಇದೇ ಊರಿನಲ್ಲಿ. ಹೀಗಾಗಿ ಗಾಳಿಯ ಬಲವೆಂದರೇನೆಂದು ಅಲ್ಲಿನ ಮಕ್ಕಳಿಗೆ ಪುಸ್ತಕ ತೆರೆದು ತೋರಿಸಬೇಕಾದ ಅಗತ್ಯ ಅಷ್ಟಾಗಿ ಇಲ್ಲ.

ಇಂಥ ಗಾಳಿಗೆ ಎದುರಾಗಿ ನಾಲ್ಕು ಜನ ನಡೆಯಬೇಕಾಗಿ ಬಂದರೆ ಏನಾಗುತ್ತದೆ? ಯಾರೂ ಹೇಳಿಕೊಡದಿದ್ದರೂ ಅವರು ಒಬ್ಬರ ಹಿಂದೊಬ್ಬರು ಸಾಲಾಗುತ್ತಾರೆ. ಮುಂದೆ ದೊಡ್ಡವರು, ಅವರ ಬೆನ್ನ ಮರೆಯಲ್ಲಿ ಚಿಕ್ಕವರು. ಮುಂದಿನವರು ಗಾಳಿಯನ್ನು ಸೀಳಿಕೊಂಡು ಹೋದರೆ ಹಿಂದಿನವರಿಗೆ ನಡಿಗೆ ಹಗುರ. ಇಷ್ಟು ಸರಳವಾದ ಈ ಸಂಗತಿಯ ಮೇಲೆಯೇ ಅಮೆರಿಕ, ಜರ್ಮನಿ, ಸ್ವೀಡನ್, ಜಪಾನಿನ ಎಂಜಿನಿಯರುಗಳು ಕಾಲು ಶತಮಾನಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡರು. ಅವರ ಮುಂದಿದ್ದವರು ಕೊಡೆ ಹಿಡಿದ ಮಕ್ಕಳಲ್ಲ, ಹತ್ತಾರು ಟನ್ ಭಾರದ ಲಾರಿಗಳು. ಭಾರಿ ಲಾರಿಗಳನ್ನು ಒಂದರ ಹಿಂದೊಂದು ಅತಿ ಸಮೀಪದಲ್ಲಿ ಸಾಲಾಗಿ ಓಡಿಸಿ ಡೀಸೆಲ್ ಉಳಿಸುವ ಈ ಉಪಾಯಕ್ಕೆ ಅವರಿಟ್ಟ ಹೆಸರು ‘ಪ್ಲಟೂನಿಂಗ್’. ಸೈನ್ಯದ ತುಕಡಿಯಿಂದ ಎರವಲು ಪಡೆದ ಮಾತು ಅದು.

ಗಾಳಿಯ ಲೆಕ್ಕ

ಗಾಳಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ತೂಕವಿಲ್ಲವೆಂದು ಅನೇಕರು ತಿಳಿದಿದ್ದಾರೆ. ನಿಜ ಹಾಗಿಲ್ಲ. ಒಂದು ಘನ ಮೀಟರ್ ಗಾಳಿ ಹೆಚ್ಚುಕಡಿಮೆ 1.2 ಕಿಲೋಗ್ರಾಂ ತೂಗುತ್ತದೆ. ಎರಡೂವರೆ ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಲಾರಿಯೊಂದು ಒಂದು ಕಿಲೋಮೀಟರ್ ಓಡಿತೆಂದರೆ ಅದರ ಹಾದಿಗೆ ಅಡ್ಡವಾಗುವ ಗಾಳಿಯ ತೂಕ 12 ಟನ್! ಅಷ್ಟನ್ನೂ ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಳ್ಳದೆ ಲಾರಿ ಮುಂದೆ ಹೋಗುವಂತಿಲ್ಲ. ಟೋಲ್ ಗೇಟಿನಲ್ಲಿ ಕಟ್ಟುವ ಸುಂಕ ಒಂದು ಬಗೆಯದಾದರೆ, ರಸ್ತೆಯುದ್ದಕ್ಕೂ ಗಾಳಿಗೆ ಡೀಸೆಲಿನ ರೂಪದಲ್ಲಿ ಕಟ್ಟುವ ಸುಂಕ ಇನ್ನೊಂದು ಬಗೆಯದು.

ಈ ಸುಂಕದ ದರ ವೇಗವನ್ನು ಅವಲಂಬಿಸಿದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತಿದು: ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ತಡೆಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರಕು ತುಂಬಿ 25 ಟನ್ ತೂಗುವ ಲಾರಿ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಗಾಳಿ ಅದನ್ನು ಸುಮಾರು 180 ಕಿಲೋಗ್ರಾಂ ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ರಸ್ತೆಯ ಮೇಲೆ ಟೈರುಗಳು ಒತ್ತಿ ಉರುಳುವಾಗ ಆಗುವ ತಡೆ ಸುಮಾರು 150 ಕಿಲೋಗ್ರಾಂ ತೂಕದಷ್ಟು. ಎರಡೂ ಸೇರಿ 330. ವೇಗವನ್ನು 40ಕ್ಕೆ ಇಳಿಸಿದರೆ ಟೈರಿನ ತಡೆ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ 180ರಿಂದ 45ಕ್ಕೆ ಕುಸಿಯುತ್ತದೆ. ಲಾರಿಯ ಆಕಾರ, ಟೈರು, ರಸ್ತೆಯ ಗುಣ ಬದಲಾದಂತೆ ಈ ಅಂಕಿಗಳು ತುಸು ಹಿಂದುಮುಂದಾದಾವು. ಅವುಗಳ ನಡುವಿನ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಅಂದರೆ ಹೆದ್ದಾರಿಯ ವೇಗದಲ್ಲಿ ಚಕ್ರ ಉರುಳಿಸಲು ಸುಡುವ ಡೀಸೆಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯ ಪಾಲು! ಅದರಲ್ಲಿ ಒಂದಿಷ್ಟನ್ನು ತಪ್ಪಿಸಬಹುದಾದರೆ ಯಾರಿಗೆ ಬೇಡ?

ಬೆನ್ನ ಹಿಂದಿನ ಖಾಲಿ

ಗಾಳಿ ಲಾರಿಯನ್ನು ಎರಡು ರೀತಿಯಲ್ಲಿ ತಡೆಯುತ್ತದೆ. ಮೂತಿಗೆ ಬಡಿದು ಹಿಂದಕ್ಕೆ ತಳ್ಳುವುದು ಎಲ್ಲರಿಗೂ ಗೊತ್ತಿರುವ ರೀತಿ. ಇನ್ನೊಂದು ಬೆನ್ನ ಹಿಂದೆ ನಡೆಯುವ ಕೆಲಸ. ಲಾರಿಯ ಹಿಂಭಾಗ ಪೆಟ್ಟಿಗೆಯಂತೆ ಚಪ್ಪಟೆ. ಮುಂದಿನಿಂದ ಇಬ್ಭಾಗವಾಗಿ ಬಂದ ಗಾಳಿ ಆ ಚೌಕ ಅಂಚಿನಲ್ಲಿ ಥಟ್ಟನೆ ತಿರುಗಿ ಕೂಡಿಕೊಳ್ಳಲಾರದು. ಅಲ್ಲೊಂದು ಸುಳಿಗಳಿಂದ ತುಂಬಿದ, ಒತ್ತಡ ಕಡಿಮೆಯಾದ ಜಾಗ ಉಳಿಯುತ್ತದೆ. ಈ ಖಾಲಿ ಲಾರಿಯನ್ನು ಹಿಂದಕ್ಕೆ ಹೀರಿ ಎಳೆಯುತ್ತದೆ. ಮಣ್ಣಿನ ರಸ್ತೆಯಲ್ಲಿ ಬಸ್ಸು ಹೋದಾಗ ಧೂಳು ಅದರ ಬೆನ್ನಟ್ಟಿಕೊಂಡೇ ಹೋಗಿ ಹಿಂಬದಿಯ ಗಾಜಿಗೆ ಮೆತ್ತಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಅದು ಇದೇ ಸುಳಿಯ ಕೆಲಸ.

ಈಗ ಮೊದಲ ಲಾರಿಯ ಹಿಂದೆ ಹತ್ತೇ ಮೀಟರಿನಲ್ಲಿ ಇನ್ನೊಂದು ಲಾರಿ ಬಂದಿತೆನ್ನಿ. ಎರಡನೆಯದಕ್ಕೆ ಎದುರಾಗುವುದು ಆಗಲೇ ಲಾರಿಯೊಂದರ ಜೊತೆ ಮುಂದಕ್ಕೆ ಚಲಿಸುತ್ತಿರುವ ಗಾಳಿ. ಆದ್ದರಿಂದ ಬಡಿತ ಕಡಿಮೆ. ಸೋಜಿಗವೆಂದರೆ ಮೊದಲ ಲಾರಿಗೂ ಲಾಭವುಂಟು. ಹಿಂದಿನ ಲಾರಿಯ ಮೂತಿಯ ಮುಂದೆ ಒತ್ತಿಕೊಂಡ ಗಾಳಿ ಮುಂದಿನ ಲಾರಿಯ ಬೆನ್ನ ಹಿಂದಿನ ಖಾಲಿಯನ್ನು ಒಂದಿಷ್ಟು ತುಂಬುತ್ತದೆ. ಹಿಂದಕ್ಕೆ ಎಳೆಯುವ ಬಲ ಅಷ್ಟು ಕಡಿಮೆಯಾಯಿತು. ಹಿಂದೆ ಬಂದವನು ಮುಂದಿನವನ ಶ್ರಮವನ್ನು ಕದ್ದ ಎನ್ನುವಂತಿಲ್ಲ, ಇಬ್ಬರಿಗೂ ಪಾಲಿದೆ.

ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳಿಗೆ ಇದು ಹೊಸ ಸುದ್ದಿಯೇನಲ್ಲ. ರಾಷ್ಟ್ರಮಟ್ಟದ ಸ್ಪರ್ಧಿಗಳನ್ನು ಕೊಟ್ಟ ಆ ಬಯಲುಸೀಮೆಯಲ್ಲಿ ಗಾಳಿಗೆ ಅಡ್ಡ ನಿಲ್ಲುವ ಮರವೇ ಅಪರೂಪ. ತಂಡದ ಸ್ಪರ್ಧೆಯಲ್ಲಿ ಸವಾರರು ಒಬ್ಬರ ಹಿಂದಿನ ಚಕ್ರಕ್ಕೆ ಇನ್ನೊಬ್ಬರ ಮುಂದಿನ ಚಕ್ರ ತಾಗುವಂತೆ ಸಾಲಾಗಿ ಹೋಗುತ್ತಾರೆ. ಮುಂದಿನವನು ದಣಿಯುವ ಮೊದಲೇ ಪಕ್ಕಕ್ಕೆ ಸರಿದು ಸಾಲಿನ ಹಿಂದಕ್ಕೆ ಹೋಗುತ್ತಾನೆ, ಎರಡನೆಯವನು ಗಾಳಿಗೆ ಎದೆ ಕೊಡುತ್ತಾನೆ.

ಹಕ್ಕಿಗಳೂ ಈ ಲೆಕ್ಕದಲ್ಲಿ ಹಿಂದುಳಿದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಓರೆಸಾಲು ಕಟ್ಟಿ ಹಾರುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳದ್ದೂ ಅದೇ ಶಿಸ್ತು. ಹೆಜ್ಜಾರ್ಲೆಯ ಬಳಗಕ್ಕೇ ಸೇರಿದ ಹಕ್ಕಿಗಳ ಮೇಲೆ ಆಫ್ರಿಕದಲ್ಲಿ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಒಂಟಿಯಾಗಿ ಹಾರುವಾಗಿನದಕ್ಕಿಂತ ಸಾಲಿನಲ್ಲಿ ಹಾರುವಾಗ ಅವುಗಳ ಎದೆಬಡಿತ ನಿಧಾನವಾಗಿತ್ತು. ಆದರೆ ಹಕ್ಕಿಗಳು ಮಾಡುವುದು ಮರೆಯಲ್ಲಿ ಅಡಗುವ ಕೆಲಸವಲ್ಲ. ಮುಂದಿನ ಹಕ್ಕಿಯ ರೆಕ್ಕೆಯ ತುದಿಯಿಂದ ಮೇಲಕ್ಕೇಳುವ ಗಾಳಿಯ ಮೇಲೆ ಅವು ಸವಾರಿ ಮಾಡುತ್ತವೆ. ಅದಕ್ಕೇ ಅವುಗಳದು ನೇರ ಸಾಲಲ್ಲ, ಓರೆಸಾಲು.

ರಸ್ತೆಗಿಳಿದ ಪ್ರಯೋಗಗಳು

1997ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಸಮೀಪದ ಹೆದ್ದಾರಿಯಲ್ಲಿ ಎಂಟು ಬ್ಯೂಕ್ ಕಾರುಗಳು ಪರಸ್ಪರ ಆರೂವರೆ ಮೀಟರ್ ಅಂತರದಲ್ಲಿ ಸರಪಳಿಯಂತೆ ಓಡಿ ಜನರನ್ನು ಬೆರಗುಗೊಳಿಸಿದವು. ವೇಗ, ಬ್ರೇಕು, ಸ್ಟೀರಿಂಗ್ ಎಲ್ಲವನ್ನೂ ಕಂಪ್ಯೂಟರುಗಳೇ ನೋಡಿಕೊಂಡವು. ಅದೇ ದಶಕದಲ್ಲಿ ಯುರೋಪಿನಲ್ಲಿ ಎರಡು ಲಾರಿಗಳನ್ನು ಕಣ್ಣಿಗೆ ಕಾಣದ ‘ವಿದ್ಯುನ್ಮಾನ ಎಳೆಗಂಬಿ’ಯಿಂದ ಜೋಡಿಸುವ ಪ್ರಯತ್ನ ಆರಂಭವಾಗಿತ್ತು.

ಜರ್ಮನಿಯಲ್ಲಿ 2005ರಿಂದ 2009ರವರೆಗೆ ನಡೆದ ಯೋಜನೆಯೊಂದರಲ್ಲಿ ನಾಲ್ಕು ಲಾರಿಗಳು ಹತ್ತು ಮೀಟರ್ ಅಂತರದಲ್ಲಿ ಓಡಿದವು. ಜಪಾನಿನ ಪರೀಕ್ಷಾ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಲಾರಿಗಳ ನಡುವಿನ ಅಂತರವನ್ನು ನಾಲ್ಕು ಮೀಟರಿಗೇ ಇಳಿಸಲಾಯಿತು. 2012ರಲ್ಲಿ ಸ್ಪೇನಿನ ಬಾರ್ಸಿಲೋನ ಬಳಿ ವೋಲ್ವೊ ಲಾರಿಯೊಂದರ ಹಿಂದೆ ಮೂರು ಕಾರುಗಳು ಜನಬಳಕೆಯ ಹೆದ್ದಾರಿಯಲ್ಲೇ ಹಿಂಬಾಲಿಸಿ ಹೋದವು. 2016ರ ಏಪ್ರಿಲ್‌ನಲ್ಲಂತೂ ಆರು ಪ್ರಮುಖ ಕಂಪನಿಗಳ ಲಾರಿ ಸಾಲುಗಳು ಯುರೋಪಿನ ಬೇರೆ ಬೇರೆ ದೇಶಗಳಿಂದ ಹೊರಟು ಹಾಲೆಂಡಿನ ರಾಟರ್‌ಡ್ಯಾಂ ಬಂದರಿನಲ್ಲಿ ಬಂದು ಕೂಡಿದವು.

ಉಳಿತಾಯ ಎಷ್ಟು? ಅಮೆರಿಕದ ರಾಷ್ಟ್ರೀಯ ಪುನರ್ನವೀಕರಣ ಶಕ್ತಿ ಪ್ರಯೋಗಾಲಯ 2014ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಎರಡು ಲಾರಿಗಳ ಸಾಲಿನಲ್ಲಿ ಮುಂದಿನದಕ್ಕೆ ಹೆಚ್ಚೆಂದರೆ ಶೇ. 5.3, ಹಿಂದಿನದಕ್ಕೆ ಹೆಚ್ಚೆಂದರೆ ಶೇ. 9.7 ಇಂಧನ ಉಳಿಯಿತು. ಆದರೆ ಅಲ್ಲೊಂದು ತಮಾಷೆಯೂ ನಡೆಯಿತು. ತೀರಾ ಹತ್ತಿರ ಹೋದಾಗ ಹಿಂದಿನ ಲಾರಿಯ ರೇಡಿಯೇಟರಿಗೆ ಬೇಕಾದಷ್ಟು ಗಾಳಿ ಸಿಗದೆ ಎಂಜಿನ್ ಬಿಸಿಯೇರಿ ಫ್ಯಾನ್ ತಿರುಗತೊಡಗಿತು. ಆ ಫ್ಯಾನ್ ತಿರುಗುವುದೂ ಡೀಸೆಲಿನಿಂದಲೇ! ಶತ್ರುವೆಂದುಕೊಂಡ ಗಾಳಿ ಎಂಜಿನ್ನನ್ನು ತಣಿಸುವ ಮಿತ್ರನೂ ಆಗಿತ್ತೆಂಬುದು ಆಗ ಗೊತ್ತಾಯಿತು.

ಅರ್ಧ ಸೆಕೆಂಡಿನ ಪ್ರಶ್ನೆ

ಇಷ್ಟು ಓದಿದ ಮೇಲೆ ಚುರುಕು ಬುದ್ಧಿಯ ಹುಡುಗನೊಬ್ಬನಿಗೆ, ಹಾಗಾದರೆ ಲಾರಿಯ ಬೆನ್ನಿಗೇ ಬೈಕ್ ಓಡಿಸಿದರೆ ಪೆಟ್ರೋಲ್ ಉಳಿಯುವುದಲ್ಲ ಎಂಬ ಯೋಚನೆ ಹೊಳೆಯಬಹುದು. ತಂದೆ ತಾಯಿಗಳು ಮನೆಯಲ್ಲಿ ಕೂತು ಮಾತಾಡಲೇಬೇಕಾದ ವಿಷಯ ಇದು.

ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಮುಂದಿನ ವಾಹನದ ಕೆಂಪು ದೀಪ ಹೊತ್ತಿಕೊಂಡದ್ದು ಕಣ್ಣಿಗೆ ಬಿದ್ದು, ಮಿದುಳಿಗೆ ಅರ್ಥವಾಗಿ, ಕಾಲು ಬ್ರೇಕಿನ ಮೇಲೆ ಬರಲು ಎಚ್ಚರವಾಗಿರುವ ಮನುಷ್ಯನಿಗೂ ಒಂದು ಅಥವಾ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ವಾಹನ 22ರಿಂದ 33 ಮೀಟರ್ ಮುಂದೆ ಹೋಗಿರುತ್ತದೆ. ಅಂತರ ಹತ್ತೇ ಮೀಟರ್ ಇದ್ದರೆ ಅದನ್ನು ದಾಟಲು ಅರ್ಧ ಸೆಕೆಂಡೂ ಬೇಡ. ಅಂದರೆ ಚಾಲಕ ಎಷ್ಟೇ ನುರಿತವನಾಗಿರಲಿ, ಹತ್ತು ಮೀಟರಿನಲ್ಲಿ ಹಿಂಬಾಲಿಸುವವನ ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಅವನ ಅಂತರ ಮುಗಿದುಹೋಗಿರುತ್ತದೆ.

ಪ್ರಯೋಗದ ಲಾರಿಗಳು ಈ ತೊಡಕನ್ನು ದಾಟಿದ್ದು ರೇಡಿಯೊ ಮೂಲಕ. ಮುಂದಿನ ಚಾಲಕ ಬ್ರೇಕ್ ಒತ್ತಿದ ಕ್ಷಣವೇ ಆ ಸುದ್ದಿ ಹಿಂದಿನ ಲಾರಿಗೆ ತಲುಪಿ, ಅದರ ಬ್ರೇಕು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಕಣ್ಣು, ಮಿದುಳು, ಕಾಲುಗಳ ಸುತ್ತುದಾರಿ ತಪ್ಪುತ್ತದೆ. ಜೊತೆಗೆ ಅಂತರ ಅಳೆಯಲು ರೇಡಾರ್, ಕ್ಯಾಮರಾ. ಇಷ್ಟಿದ್ದರೂ ಮತ್ತೊಂದು ಪ್ರಶ್ನೆ ಉಳಿಯುತ್ತದೆ. ಎರಡೂ ಲಾರಿಗಳ ಬ್ರೇಕು ಒಂದೇ ಬಗೆಯಲ್ಲಿ ಹಿಡಿಯಬೇಕಲ್ಲ? ಒಂದರಲ್ಲಿ ಸಿಮೆಂಟ್, ಇನ್ನೊಂದರಲ್ಲಿ ಹತ್ತಿ. ಒಂದರ ಟೈರು ಹೊಸದು, ಇನ್ನೊಂದರದು ಸವೆದದ್ದು. ಬೇಗ ನಿಲ್ಲಬಲ್ಲ ಲಾರಿಯನ್ನು ಹಿಂದೆ ಇಡಬೇಕೆಂಬುದು ಸಾಲಿನ ಮೊದಲ ನಿಯಮ.

ರೇಡಿಯೊ ಇಲ್ಲದ, ರೇಡಾರ್ ಇಲ್ಲದ ಬೈಕ್ ಸವಾರನಿಗೆ ಇದ್ಯಾವುದೂ ಇಲ್ಲ. ಲಾರಿಯ ಬೆನ್ನ ಹಿಂದೆ ಅವನಿಗೆ ರಸ್ತೆಯೂ ಕಾಣುವುದಿಲ್ಲ. ಗುಂಡಿ, ಹಂಪು, ಅಡ್ಡ ಬಂದ ದನ ಎಲ್ಲವೂ ಲಾರಿಯ ಹೊಟ್ಟೆಯಡಿಯಿಂದ ಥಟ್ಟನೆ ಎದುರಾಗುತ್ತವೆ. ಲಾರಿಯ ಹಿಂಬದಿಯ ಸರಪಳಿ ಹಿಡಿದು ಸೈಕಲ್ ಏರು ಹತ್ತಿಸುವ ಹುಡುಗರ ಆಟವೂ ಇಂಥದ್ದೇ. ಲಾರಿಗಳ ಬೆನ್ನ ಮೇಲೆ ‘ಕೀಪ್ ಡಿಸ್ಟೆನ್ಸ್’ ಎಂದು ಬಣ್ಣದಲ್ಲಿ ಬರೆಸಿರುವುದು ಬರಿಯ ಅಲಂಕಾರಕ್ಕಲ್ಲ.

ಸುರಕ್ಷಿತ ಅಂತರವನ್ನು ಅಳೆಯಲು ಟೇಪು ಬೇಕಿಲ್ಲ. ಮುಂದಿನ ವಾಹನ ರಸ್ತೆ ಬದಿಯ ಮರವನ್ನೋ ಮೈಲಿಗಲ್ಲನ್ನೋ ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ಸಾವಕಾಶ ಎಣಿಸಬೇಕು. ಎಣಿಕೆ ಮುಗಿಯುವ ಮೊದಲೇ ನೀವು ಅದೇ ಗುರುತನ್ನು ದಾಟಿದರೆ ತೀರಾ ಹತ್ತಿರ ಇದ್ದೀರಿ ಎಂದರ್ಥ. ಮಳೆಯಲ್ಲಿ ಇನ್ನೂ ಎರಡು ಎಣಿಕೆ ಸೇರಿಸಿಕೊಳ್ಳಬೇಕು.

ಹೊಳೆದ ಕನಸು, ಇಳಿದ ಉತ್ಸಾಹ

ಪರೀಕ್ಷಾ ರಸ್ತೆಯಿಂದ ನಿಜವಾದ ರಸ್ತೆಗೆ ಬಂದಾಗ ಲಾರಿ ಸಾಲಿನ ಕನಸು ಸೊರಗಿತು. ಜರ್ಮನಿಯ ಮ್ಯೂನಿಕ್ ಮತ್ತು ನ್ಯೂರೆಂಬರ್ಗ್ ನಡುವೆ 2018–19ರಲ್ಲಿ ಸುಮಾರು ಏಳು ತಿಂಗಳ ಕಾಲ ನಿಜವಾದ ಸರಕು ತುಂಬಿದ ಲಾರಿ ಜೋಡಿಗಳು 12ರಿಂದ 15 ಮೀಟರ್ ಅಂತರದಲ್ಲಿ ಸುಮಾರು 35,000 ಕಿ.ಮೀ. ಓಡಿದವು. ಹಿಂದಿನ ಲಾರಿಗೆ ಉಳಿದದ್ದು ಶೇ. 3ರಿಂದ 4, ಮುಂದಿನದಕ್ಕೆ ಶೇ. 1.3. ಬ್ರಿಟನ್ನಿನ ರಸ್ತೆಗಳಲ್ಲಿ ನಡೆದ ಪ್ರಯೋಗದ ವರದಿ 2022ರಲ್ಲಿ ಹೊರಬಂದಾಗ ಸರಾಸರಿ ಉಳಿತಾಯ ಶೇ. ಅರ್ಧ ಮಾತ್ರ!

ಏಕೆ ಹೀಗಾಯಿತು? ನಡುವೆ ಕಾರೊಂದು ನುಸುಳುತ್ತದೆ. ಹೆದ್ದಾರಿಗೆ ಪಕ್ಕದ ರಸ್ತೆ ಬಂದು ಸೇರುತ್ತದೆ. ಆಗೆಲ್ಲ ಸಾಲು ಬಿಚ್ಚಿಕೊಳ್ಳಬೇಕು. ಮತ್ತೆ ಕೂಡಿಕೊಳ್ಳಲು ಹಿಂದಿನ ಲಾರಿ ವೇಗ ಹೆಚ್ಚಿಸಬೇಕು. ಗಾಳಿಯಿಂದ ಉಳಿಸಿದ್ದನ್ನು ಆ ಓಟದಲ್ಲಿ ಕಳೆದುಕೊಂಡದ್ದಾಯಿತು. ಈ ತಂತ್ರದ ಮುಂಚೂಣಿಯಲ್ಲಿದ್ದ ಡೈಮ್ಲರ್ ಕಂಪನಿ ಇದೇ ಕಾರಣ ಕೊಟ್ಟು 2019ರ ಜನವರಿಯಲ್ಲಿ ಕೈ ತೊಳೆದುಕೊಂಡಿತು. ಇದನ್ನೇ ನಂಬಿ ಹುಟ್ಟಿದ್ದ ಅಮೆರಿಕದ ಪೆಲೊಟಾನ್ ಟೆಕ್ನಾಲಜಿ ಕಂಪನಿ 2021ರಲ್ಲಿ ಬಾಗಿಲು ಹಾಕಿತು. ವಿಜ್ಞಾನ ತಪ್ಪಿರಲಿಲ್ಲ. ಆದರೆ ಗಾಳಿ ಸುರಂಗದಲ್ಲಿ ಒಂಟಿಯಾಗಿ ನಿಲ್ಲುವ ಮಾದರಿ ಲಾರಿಗೂ, ನೂರಾರು ವಾಹನಗಳ ನಡುವೆ ದಾರಿ ಮಾಡಿಕೊಳ್ಳುವ ಲಾರಿಗೂ ವ್ಯತ್ಯಾಸವಿದೆ.

ಘಾಟಿಯಲ್ಲಿ ಬೇರೆಯೇ ಕಥೆ

ಜರ್ಮನಿಯ ನುಣುಪು ರಸ್ತೆಯಲ್ಲೇ ಹೀಗಾದರೆ, ಗಾಳಿಬೀಡಿನಿಂದ ದೂರವಿಲ್ಲದ ಸಂಪಾಜೆ ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿ ಏರಿದರೆ ಏನಾದೀತು? ಇದಕ್ಕೂ ಲೆಕ್ಕ ಹಾಕಿ ನೋಡಬಹುದು.

ಸಂಪಾಜೆಯಿಂದ ಮಡಿಕೇರಿಗೆ ಬರುವ ಲಾರಿ ಸುಮಾರು ಒಂದು ಸಾವಿರ ಮೀಟರ್ ಎತ್ತರಕ್ಕೆ ಏರಬೇಕು. ನೂರು ಮೀಟರಿಗೆ ಐದು ಮೀಟರ್ ಏರುವ ತಾವಿನಲ್ಲಿ 25 ಟನ್ನಿನ ಲಾರಿಯನ್ನು ಭೂಮಿಯ ಆಕರ್ಷಣೆ 1,250 ಕಿಲೋಗ್ರಾಂ ತೂಕದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಳಿಯ ತಡೆ 25 ಕಿಲೋಗ್ರಾಂ ತೂಕದಷ್ಟು. ಒಂದಕ್ಕೆ ಐವತ್ತು! ಎಂಜಿನ್ನು ಡೀಸೆಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲನ್ನು ಮಾತ್ರ ಚಕ್ರಕ್ಕೆ ಒದಗಿಸುವುದರಿಂದ, ಆ ಭಾರವನ್ನು ಸಾವಿರ ಮೀಟರ್ ಎತ್ತುವುದಕ್ಕೇ ಸುಮಾರು 20 ಲೀಟರ್ ಬೇಕು. ಅದೇ ಏರಿನಲ್ಲಿ ಗಾಳಿಯ ಪಾಲು ಒಂದು ಲೀಟರೂ ಇಲ್ಲ. ಸಾಲುಗಟ್ಟಿ ಏರಿದರೆ ಉಳಿಯುವುದು ಬಹಳವೆಂದರೆ ಒಂದು ಲೋಟ ಡೀಸೆಲ್. ಅದಕ್ಕಾಗಿ ತಿರುವುಗಳಲ್ಲಿ ಒಂದರ ಬೆನ್ನಿಗೊಂದು ಅಂಟಿಕೊಂಡು ಹೋಗುವುದು ಜಾಣತನವಲ್ಲ.

ಇಳಿಜಾರಿನಲ್ಲಿ ಮತ್ತೊಂದು ಹಳೆಯ ಅಭ್ಯಾಸವಿದೆ. ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್ ಮಾಡಿ ಇಳಿಸುವುದು. ಇದು ಬಹಳ ಅಪಾಯಕಾರಿ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕು ಹಿಡಿಯುವುದನ್ನೇ ಬಿಡುತ್ತದೆ. ಇಂದಿನ ವಿದ್ಯುನ್ಮಾನ ನಿಯಂತ್ರಣದ ಎಂಜಿನ್ನುಗಳಲ್ಲಿ ಇದರಿಂದ ಉಳಿತಾಯವೂ ಇಲ್ಲ. ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪೂರೈಕೆ ತಾನೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಉಸಿರಾಡಲಿಕ್ಕಾದರೂ ಡೀಸೆಲ್ ಬೇಕೇ ಬೇಕು. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸರಿ.

ಈ ರಸ್ತೆಗೆ ಭಾರದ ಬಿಸಿ ಬೇರೆ ರೀತಿಯಲ್ಲೂ ತಟ್ಟಿದೆ. 2018ರ ಆಗಸ್ಟ್ ಮಳೆಯಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಭಾಗಗಳಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋಯಿತು. ಗಾಳಿಬೀಡಿನ ಸುತ್ತಲಿನ ಊರುಗಳೂ ಆ ಮಳೆಯಲ್ಲಿ ನೊಂದವು. ನಂತರದ ಮಳೆಗಾಲಗಳಲ್ಲೂ ಭಾರಿ ವಾಹನಗಳ ಸಂಚಾರಕ್ಕೆ ಇಲ್ಲಿ ನಿರ್ಬಂಧ ಹೇರಿದ್ದುಂಟು. ಇಂಥ ನೆಲದ ಮೇಲೆ ಭಾರಿ ಲಾರಿಗಳನ್ನು ಒಂದೇ ಕಡೆ ಒತ್ತೊತ್ತಾಗಿ ಓಡಿಸುವ ಮಾತು ಯಾರೂ ಆಡಲಾರರು.

ಉಕ್ಕಿನ ಕೊಂಡಿ

ಹಾಗಾದರೆ ಕರ್ನಾಟಕದಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ಹೋಗಿ ಡೀಸೆಲ್ ಉಳಿಸಿದ್ದು ಎಲ್ಲೂ ಇಲ್ಲವೇ? ಇದೆ. ಸಂಪಾಜೆ ಘಾಟಿ ಇಳಿದು ಮಂಗಳೂರು ದಾಟಿದರೆ ಸುರತ್ಕಲ್. ಅಲ್ಲಿನ ರೈಲು ನಿಲ್ದಾಣದಲ್ಲಿ ಸರಕು ತುಂಬಿದ ಲಾರಿಗಳು ಸಾಲಾಗಿ ರೈಲು ಹತ್ತುವುದನ್ನು ಕಾಣಬಹುದು. ಕೊಂಕಣ ರೈಲ್ವೆಯ ‘ರೋರೋ’ ಸೇವೆ ಇದು. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣ ನಡುವೆ ಆರಂಭವಾಗಿ ಮುಂದೆ ಸುರತ್ಕಲ್‌ವರೆಗೂ ಬಂದಿತು. ಚಪ್ಪಟೆ ವ್ಯಾಗನ್ನುಗಳ ಮೇಲೆ ಲಾರಿಗಳು ನಿಲ್ಲುತ್ತವೆ. ಡ್ರೈವರು, ಕ್ಲೀನರು ತಮ್ಮ ಕ್ಯಾಬಿನ್ನಿನಲ್ಲೇ ಒರಗಿಕೊಂಡು ಪಶ್ಚಿಮ ಕರಾವಳಿಯ ಸೇತುವೆ, ಸುರಂಗಗಳನ್ನು ದಾಟುತ್ತಾರೆ. ಬೆಂಗಳೂರು ಸಮೀಪದ ನೆಲಮಂಗಲದಿಂದ ಸೊಲ್ಲಾಪುರ ಬಳಿಯ ಬಾಳೆಗೂ 2020ರಲ್ಲಿ ಇಂಥದೇ ಸೇವೆ ಆರಂಭವಾಯಿತು.

ಪ್ಲಟೂನಿಂಗ್ ಕಂಡ ಕನಸೆಲ್ಲ ಇದರಲ್ಲಿದೆ. ಲಾರಿಗಳು ಒಂದರ ಹಿಂದೊಂದು ಒತ್ತಾಗಿ ನಿಂತು, ಒಂದೇ ವೇಗದಲ್ಲಿ ಸಾಗುತ್ತವೆ. ನಡುವೆ ಯಾರೂ ನುಸುಳುವಂತಿಲ್ಲ. ಬ್ರೇಕಿನ ಸುದ್ದಿಯನ್ನು ರೇಡಿಯೊ ಮೂಲಕ ಹೇಳಬೇಕಾದ್ದೂ ಇಲ್ಲ. ವ್ಯಾಗನ್ನುಗಳ ನಡುವಿನ ಉಕ್ಕಿನ ಕೊಂಡಿಯೇ ಅಂತರವನ್ನು ಕಾಯುತ್ತದೆ. ಅದಕ್ಕೂ ಮಿಗಿಲಾಗಿ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗಿನ ತಡೆ, ರಸ್ತೆಯ ಮೇಲೆ ಲಾರಿ ಟೈರು ಉರುಳುವಾಗಿನ ತಡೆಯ ನಾಲ್ಕೈದರಲ್ಲಿ ಒಂದು ಪಾಲಷ್ಟೇ. 2022ರಲ್ಲಿ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ ಪೂರ್ಣಗೊಂಡದ್ದರಿಂದ ಅಲ್ಲಿ ಎಳೆಯುವುದಕ್ಕೆ ಡೀಸೆಲಿನ ಹಂಗೂ ತಪ್ಪಿತು. ಕೊಡಗಿಗೆ ರೈಲು ಬಂದಿಲ್ಲ. ಇಲ್ಲಿನ ಕಾಫಿ ಮೂಟೆಗಳು ಲಾರಿಯನ್ನೇ ನಂಬಿವೆ. ಆದರೆ ಬಂದರಿನಿಂದಾಚೆಯ ದೂರದ ಹಾದಿಗೆ ಹಳಿ ಇದೆ.

ಐವತ್ತೆರಡು ನಿಮಿಷದ ಬೆಲೆ

ಕೊನೆಗೆ ರಸ್ತೆಯಲ್ಲೇ ಓಡಬೇಕಾದ ಲಾರಿಯ ಮಾತು. ಮೊದಲಿನ ಲೆಕ್ಕಕ್ಕೆ ಮರಳೋಣ. ತುಮಕೂರು, ಚಿತ್ರದುರ್ಗ, ದಾವಣಗೆರೆ ಹಾದಿಯ ಹೆದ್ದಾರಿಯಲ್ಲಿ 80ರಲ್ಲಿ ಓಡುವ ಲಾರಿ ತನ್ನ ವೇಗವನ್ನು 65ಕ್ಕೆ ಇಳಿಸಿತೆನ್ನಿ. ಗಾಳಿಯ ತಡೆ 180ರಿಂದ 120ಕ್ಕೆ ಇಳಿಯುತ್ತದೆ. ಟೈರಿನ 150 ಸೇರಿಸಿದರೆ ಒಟ್ಟು 270. ಮೊದಲಿದ್ದದ್ದು 330. ಅಂದರೆ ಶೇ. 18ರಷ್ಟು ಕಡಿಮೆ! ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಲಾರಿ 300 ಕಿ.ಮೀ. ಹಾದಿಗೆ 75 ಲೀಟರ್ ಕುಡಿಯುತ್ತದೆ. ಜರ್ಮನಿಯ ಸಾಲಿನಲ್ಲಿ ಹಿಂಬಾಲಿಸಿದ್ದರೆ ಅದಕ್ಕೆ ಉಳಿಯುತ್ತಿದ್ದದ್ದು ಮೂರು ಲೀಟರ್. ಬರಿಯ ವೇಗ ಇಳಿಸಿದ್ದರಿಂದ ಉಳಿಯುವುದು ಹತ್ತು ಲೀಟರಿನ ಆಸುಪಾಸು. ರೇಡಾರ್ ಬೇಡ, ರೇಡಿಯೊ ಬೇಡ, ಯಾರ ಬೆನ್ನಿಗೂ ಬೀಳಬೇಕಿಲ್ಲ.

ಆದರೆ ಇದಕ್ಕೂ ಬೆಲೆ ಇದೆ. ಆ 300 ಕಿ.ಮೀ. ಹಾದಿಗೆ 52 ನಿಮಿಷ ಹೆಚ್ಚು ಹಿಡಿಯುತ್ತದೆ. ಬೆಳಗಾಗುವುದರೊಳಗೆ ಸರಕು ಮುಟ್ಟಿಸಬೇಕೆಂಬ ಗಡುವು ಹೊತ್ತ ಡ್ರೈವರನಿಗೆ ನಿಧಾನ ಹೋಗು ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಆ 52 ನಿಮಿಷವನ್ನು ಗಡುವು ಹಾಕುವವರು ಬಿಟ್ಟುಕೊಡಬೇಕು. ಟಾರ್ಪಾಲನ್ನು ಪಟಪಟ ಹೊಡೆಯದಂತೆ ಬಿಗಿಯಾಗಿ ಕಟ್ಟುವುದು, ಟೈರಿಗೆ ಸರಿಯಾಗಿ ಗಾಳಿ ತುಂಬುವುದು, ನಿಂತಾಗ ಎಂಜಿನ್ ಆರಿಸುವುದು ಇವೆಲ್ಲ ಸಣ್ಣ ಕೆಲಸಗಳು. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 1970ರ ದಶಕದಿಂದ ಇದನ್ನೇ ಹೇಳುತ್ತ ಬಂದಿದೆ. ಅದು ಶಾಲಾ ಮಕ್ಕಳಿಗೆ ಪ್ರಬಂಧ, ಚಿತ್ರಕಲಾ ಸ್ಪರ್ಧೆಗಳನ್ನೂ ಏರ್ಪಡಿಸಿದೆ.

ಗಾಳಿಬೀಡಿನ ಹಾದಿಯಲ್ಲಿ ಎದುರುಗಾಳಿ ಜೋರಾದಾಗ ದೊಡ್ಡವರ ಬೆನ್ನ ಮರೆಗೆ ಸರಿಯುವ ಮಗು ತಪ್ಪು ಮಾಡುತ್ತಿಲ್ಲ. ನಡೆಯುವವರು ಡಿಕ್ಕಿ ಹೊಡೆದರೂ ನಕ್ಕು ಮುಂದೆ ಸಾಗಬಹುದು. ಅದೇ ಮಗು ಬೆಳೆದು ಬೈಕಿನ ಕೀಲಿ ಕೇಳುವ ದಿನ ಈ ಎರಡು ಮಾತು ನೆನಪಿಸಿದರೆ ಸಾಕು: ಗಾಳಿಯ ಸುಂಕ ಕಡಿಮೆಯಾಗಬೇಕೇ, ವೇಗ ಇಳಿಸು. ಅಂತರವನ್ನು ಮಾತ್ರ ಇಳಿಸಬೇಡ.

ಮನೆಯಲ್ಲೇ ಮಾಡಿ ನೋಡಿ

ಬೇಕಾದ ಸಾಮಾನು: ಒಂದು ಮೇಣದ ಬತ್ತಿ, ಅಂಗೈ ಅಗಲದ ರಟ್ಟು, ಒಂದು ದುಂಡನೆಯ ಗಾಜಿನ ಸೀಸೆ. ದೊಡ್ಡವರು ಜೊತೆಯಲ್ಲಿರಲಿ, ಫ್ಯಾನ್ ಆರಿಸಿರಲಿ.

ಬತ್ತಿ ಹೊತ್ತಿಸಿ, ಅದರ ಮುಂದೆ ನಾಲ್ಕು ಬೆರಳು ದೂರದಲ್ಲಿ ರಟ್ಟನ್ನು ನೇರವಾಗಿ ಹಿಡಿಯಿರಿ. ರಟ್ಟಿನ ಈಚೆಯಿಂದ ಅದರ ನಡುವಿಗೆ ಜೋರಾಗಿ ಊದಿ. ಜ್ವಾಲೆ ನಿಮ್ಮಿಂದ ದೂರಕ್ಕೆ ಬಾಗುತ್ತದೆಂದು ನೀವು ಎಣಿಸಿರುತ್ತೀರಿ. ಅದು ರಟ್ಟಿನ ಕಡೆಗೇ, ಅಂದರೆ ನಿಮ್ಮ ಕಡೆಗೇ ಬಾಗುತ್ತದೆ! ಲಾರಿಯ ಬೆನ್ನ ಹಿಂದೆ ಹಿಂದಕ್ಕೆ ಹೀರುವ ಖಾಲಿ ಇದೇ.

ಈಗ ರಟ್ಟಿನ ಬದಲು ಸೀಸೆಯನ್ನಿಟ್ಟು ಊದಿ. ಗಾಳಿ ಸೀಸೆಯ ದುಂಡನೆಯ ಮೈಯನ್ನು ಬಳಸಿಕೊಂಡು ಹಿಂದೆ ಕೂಡಿಕೊಳ್ಳುವುದರಿಂದ ಜ್ವಾಲೆ ಆಚೆಗೆ ಬಾಗುತ್ತದೆ, ಎಷ್ಟೋ ಸಲ ಆರಿಯೇ ಹೋಗುತ್ತದೆ. ಮೀನಿನ ಮೈ, ವಿಮಾನದ ಒಡಲು ಹಿಂದಕ್ಕೆ ಹೋದಂತೆ ಏಕೆ ಸಪೂರವಾಗುತ್ತವೆ, ಲಾರಿಯ ಪೆಟ್ಟಿಗೆಯಾಕಾರ ಗಾಳಿಗೆ ಏಕೆ ದುಬಾರಿ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.